ಧಾಟಿ ಗೊತ್ತಾಯಿತು, ಶ್ರುತಿ ಗೊತ್ತಾಗಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ನಾಡಗೀತೆಯನ್ನು ಯಾವ ಧಾಟಿಯಲ್ಲಿ ಹಾಡಬೇಕು, ಎಷ್ಟು ಹೊತ್ತಿನಲ್ಲಿ ಮುಗಿಸಬೇಕು ಎಂಬ ಜಗಳ ವರ್ಷಗಟ್ಟಲೆ ನಡೆದು ಕೊನೆಗೂ ಒಂದು ದಡ ಮುಟ್ಟಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಆದೇಶ ಮಾಡಿತು. 2024ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಷ್ಟೆಲ್ಲ ವಾದ ವಿವಾದದಲ್ಲಿ ರಾಗದ ಮಾತು ಬಂತು, ಗಡಿಯಾರದ ಮಾತು ಬಂತು, ಸಾಲು ಎಷ್ಟು ಸಲ ಹಾಡಬೇಕೆಂಬ ಮಾತೂ ಬಂತು. ಷಡ್ಜ, ಅಂದರೆ ಹಾಡಿಗೆ ನೆಲೆಯಾದ ‘ಸ’ ಸ್ವರ, ಎಲ್ಲಿಡಬೇಕು ಎಂಬ ಮಾತು ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ. ಆ ‘ಸ’ ಎಷ್ಟು ಎತ್ತರದಲ್ಲಿದೆ ಎಂಬುದೇ ಶ್ರುತಿ. ಹಾಡುವುದು ಮಕ್ಕಳು. ಧಾಟಿ ಯಾವುದಾದರೂ ಅವರು ಕಲಿತುಬಿಡುತ್ತಾರೆ. ಶ್ರುತಿ ತಪ್ಪಿದರೆ ಮಾತ್ರ ಅದರ ಭಾರವೆಲ್ಲ ಅವರ ಗಂಟಲಿನ ಮೇಲೆ ಬೀಳುತ್ತದೆ.

ಬೆಳಗಿನ ಪ್ರಾರ್ಥನೆಯ ಸಾಲು ಎಲ್ಲರೂ ನಿಂತು ಬಂದದ್ದೇ. ಒಬ್ಬ ಮೇಡಂ, ಇಲ್ಲವೇ ಸರ್, ಅದೂ ಇಲ್ಲದಿದ್ದರೆ ಏಳನೇ ತರಗತಿಯ ಗಟ್ಟಿ ಗಂಟಲಿನ ಹುಡುಗಿ, ಆ ಗಳಿಗೆಗೆ ಬಾಯಿಗೆ ಬಂದ ಸ್ವರದಲ್ಲಿ ಹಾಡು ಎತ್ತಿಕೊಳ್ಳುತ್ತಾರೆ. ಮುನ್ನೂರು ಮಕ್ಕಳು ಅದನ್ನೇ ಹಿಡಿಯಬೇಕು. ಮೊದಲೆರಡು ಸಾಲು ಬರೀ ಗೊಣಗಾಟ. ಹಾಡು ಮೇಲೇರಿದಾಗ ಇದ್ದಕ್ಕಿದ್ದಂತೆ ಅರಚಾಟ. ಗೊಣಗುವ ಮಕ್ಕಳಿಗೆ ‘ಗಟ್ಟಿಯಾಗಿ ಹಾಡ್ರೋ’ ಎಂಬ ಗದರಿಕೆ ಬೀಳುತ್ತದೆ. ಅರಚುವವರನ್ನು ಯಾರೂ ಕೇಳುವುದಿಲ್ಲ, ಅದನ್ನೇ ಹುಮ್ಮಸ್ಸು ಎಂದುಕೊಳ್ಳುತ್ತಾರೆ. ಇವೆರಡೂ ಒಂದೇ ತಪ್ಪಿನ ಎರಡು ಮುಖ.

ರಾಷ್ಟ್ರಗೀತೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ, ಅದು ಎಲ್ಲರ ಕಿವಿಯಲ್ಲೂ ಇದೆ. 52 ಸೆಕೆಂಡಿನ ಆ ಗೀತೆ ಷಡ್ಜದಿಂದ ಹೊರಡುತ್ತದೆ, ‘ವಿಧಾತಾ’ ಎನ್ನುವಲ್ಲಿ ಮಂದ್ರ ನಿಷಾದ, ಅಂದರೆ ಷಡ್ಜದ ಕೆಳಗಿನ ‘ನಿ’, ತಾಗಿ ಮೇಲೆ ಬರುತ್ತದೆ, ಕೊನೆಯ ಸಾಲಿನ ಮೊದಲ ‘ಜಯ ಹೇ’ಗೆ ತಾರ ಷಡ್ಜ, ಅಂದರೆ ಮೇಲಿನ ‘ಸ’, ಮುಟ್ಟುತ್ತದೆ. ಒಟ್ಟು ಹರವು ಒಂದು ಸ್ಥಾಯಿ (‘ಸ’ದಿಂದ ಮೇಲಿನ ‘ಸ’ವರೆಗಿನ ದೂರ), ಅದರ ಮೇಲೆ ಅರ್ಧ ಮನೆ, ಅಂದರೆ ಹಾರ್ಮೋನಿಯಂನ ಪಕ್ಕದ ಕೀಲಿಯಷ್ಟು. ಕರ್ನಾಟಕ ಸಂಗೀತ ಕಲಿತ ನಮ್ಮ ಹೆಣ್ಣುಮಕ್ಕಳ ಶ್ರುತಿ ಸಾಮಾನ್ಯವಾಗಿ ಐದರಿಂದ ಆರು ಮನೆ. ಐದು ಮನೆ, ಅಂದರೆ ಹಾರ್ಮೋನಿಯಂನ ಬಿಳಿ 5 (‘ಸಿ’ಯಿಂದ ಎಣಿಸಿದರೆ ಐದನೇ ಬಿಳಿ ಕೀಲಿ), ಮಂದ್ರದಲ್ಲಿ, ಎಂದರೆ ಕೆಳಗಿನ ಸ್ಥಾಯಿಯಲ್ಲಿ, 196 ಹರ್ಟ್ಸ್. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಸಲ ಕಂಪನ ಎಂಬ ಎಣಿಕೆ, ಅಷ್ಟೆ. ಆ ಷಡ್ಜದಲ್ಲಿ ಎತ್ತಿಕೊಂಡರೆ ‘ವಿಧಾತಾ’ದ ನಿಷಾದ 185ಕ್ಕೆ ಇಳಿಯುತ್ತದೆ. ಎಂಟು ವರ್ಷದ ಮಗುವಿನ ಮಾತಿನ ದನಿಯೇ 250ರ ಆಚೀಚೆ ಇರುತ್ತದೆ. 185 ಅದಕ್ಕೆ ಪಾತಾಳ. ಅಲ್ಲಿ ಸ್ವರ ಹುಟ್ಟುವುದಿಲ್ಲ, ಗರಗರ ಸದ್ದು ಬರುತ್ತದೆ. ಇನ್ನು ಉತ್ಸಾಹಿ ಹುಡುಗಿಯೊಬ್ಬಳು ಮಧ್ಯ ಸ್ಥಾಯಿಯ ಬಿಳಿ 5ಕ್ಕೇ, ಅಂದರೆ 392ಕ್ಕೆ, ಷಡ್ಜ ಇಟ್ಟು ಎತ್ತಿಕೊಂಡಳೆನ್ನಿ. ‘ಜಯ ಹೇ’ 784ಕ್ಕೆ ಹೋಗುತ್ತದೆ, ಅದು ಕಿರುಚಾಟವೇ. ಇವೆರಡರ ನಡುವೆ ಬಿಳಿ 2 ಇದೆ, 294 ಹರ್ಟ್ಸ್, ಮೊಬೈಲಿನ ತಂಬೂರಿ ಆ್ಯಪ್‌ಗಳು ‘ಡಿ’ ಎಂದು ತೋರಿಸುವ ಸ್ವರ. ಅಲ್ಲಿ ಷಡ್ಜ ಇಟ್ಟರೆ ರಾಷ್ಟ್ರಗೀತೆ 277ರಿಂದ 587ರೊಳಗೆ ಮುಗಿಯುತ್ತದೆ. ನಾಲ್ಕನೇ ತರಗತಿ ದಾಟಿದ ಮಕ್ಕಳಿಗೆ ಇದು ಕೈಗೆಟುಕುವ ಕೊಂಬೆ.

ಒಂದು, ಎರಡನೇ ತರಗತಿಯವರ ಲೆಕ್ಕ ಬೇರೆ. ಅವರಿಗೆ ಹಾಯಾಗಿ ಸಿಗುವುದು ಬಿಳಿ 2ರಿಂದ ಬಿಳಿ 6ರವರೆಗಿನ ಐದು ಸ್ವರ, ಅಂದರೆ 294ರಿಂದ 440. ಅದಕ್ಕಿಂತ ಮೇಲಿನದನ್ನು ಅವರು ಬಿಟ್ಟು ಹಾಡಿದರೆ ಬಿಡಲಿ. ಅವರಿಗೆಂದೇ ಆರಿಸುವ ಹಾಡುಗಳು ಆ ಐದು ಸ್ವರದ ಒಳಗೇ ಓಡಾಡಬೇಕು. ಮಕ್ಕಳ ಹಾಡು ಎಂಬ ಹೆಸರಿನಲ್ಲಿ ಬರುವ ಎಷ್ಟೋ ಭಾವಗೀತೆಗಳ ಹರವು ಒಂದೂವರೆ ಸ್ಥಾಯಿ ಇರುತ್ತದೆ. ಸಾಹಿತ್ಯ ಮಕ್ಕಳದ್ದು, ಕಂಠ ದೊಡ್ಡವರದ್ದು.

ಇದು ಬರೀ ಇಂಪಿನ ಪ್ರಶ್ನೆಯಲ್ಲ ಎಂಬುದು ಗಂಟಲಿನ ಒಳಗೆ ಏನಾಗುತ್ತದೆಂದು ತಿಳಿದರೆ ಗೊತ್ತಾಗುತ್ತದೆ. ‘ಧ್ವನಿತಂತು’ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಅವು ವೀಣೆಯ ತಂತಿಯ ಹಾಗೆ ಇಲ್ಲ. ಉಸಿರುನಾಳದ ಮೇಲುತುದಿಯಲ್ಲಿ ಎದುರುಬದುರಾಗಿ ಇರುವ ಎರಡು ಒದ್ದೆ ಮಡಿಕೆಗಳು, ಹೆಚ್ಚುಕಡಿಮೆ ಎರಡು ಪುಟ್ಟ ತುಟಿಗಳು. ಬೆಳೆದ ಗಂಡಸಿನಲ್ಲಿ ಅವುಗಳ ಉದ್ದ ಸುಮಾರು 17ರಿಂದ 25 ಮಿಲಿಮೀಟರು, ಹೆಂಗಸಿನಲ್ಲಿ 12ರಿಂದ 17, ಮಗುವಿನಲ್ಲಿ ಇನ್ನೂ ಗಿಡ್ಡ. ಕೆಳಗಿನಿಂದ ಬರುವ ಉಸಿರು ಅವನ್ನು ಬೇರ್ಪಡಿಸುತ್ತದೆ, ಮತ್ತೆ ಅವು ಬಡಿದು ಕೂಡುತ್ತವೆ. 294 ಹರ್ಟ್ಸ್ ಎಂದರೆ ಸೆಕೆಂಡಿಗೆ 294 ಬಡಿತ. ಎರಡೂವರೆ ನಿಮಿಷದ ಹಾಡಿನಲ್ಲಿ, ಉಸಿರಿಗೆ ಬಿಟ್ಟ ಜಾಗ ಕಳೆದರೂ, ಸುಮಾರು 35,000 ಸಲ ಆ ಎರಡು ಮಡಿಕೆ ಒಂದಕ್ಕೊಂದು ತಾಗಿರುತ್ತವೆ. ಮೆಲ್ಲಗೆ ತಾಗಿದರೆ ಏನೂ ಆಗದು, ಅವು ಇರುವುದೇ ಅದಕ್ಕೆ. ಅರಚಿದರೆ ಪ್ರತಿ ಬಡಿತವೂ ಏಟು. ಅಂದಹಾಗೆ ಈ ಮಡಿಕೆಗಳು ಹಾಡುವಾಗ ಹೇಗೆ ಆಡುತ್ತವೆ ಎಂಬುದನ್ನು 1854ರಲ್ಲಿ ಕನ್ನಡಿ ಹಿಡಿದು ತನ್ನ ಗಂಟಲಿನಲ್ಲೇ ನೋಡಿದವರು ಮ್ಯಾನುಯೆಲ್ ಗಾರ್ಸಿಯಾ. ಅವರು ವೈದ್ಯರಲ್ಲ, ಹಾಡು ಕಲಿಸುವ ಮೇಷ್ಟ್ರು.

ಸ್ವರ ಕೆಳಗಿರುವಾಗ ಮಡಿಕೆಗಳು ಗಿಡ್ಡವಾಗಿ, ದಪ್ಪವಾಗಿ, ಸಡಿಲವಾಗಿ ಇರುತ್ತವೆ. ಮೇಲೇರಿದಂತೆ ಇನ್ನೊಂದು ಸ್ನಾಯು ಅವನ್ನು ಎಳೆದು ತೆಳ್ಳಗೆ ಮಾಡಬೇಕು. ಬಸ್ಸಿನ ಗೇರು ಬದಲಿಸುವ ಹಾಗೆ ಇದು ತಾನಾಗಿ ಬದಲಾಗುತ್ತ ಹೋಗಬೇಕಾದದ್ದು. ತೀರ ಕೆಳಗಿನ ಷಡ್ಜದಲ್ಲಿ ಹಾಡು ಶುರುವಾಗಿ, ಜತೆಗೆ ‘ಗಟ್ಟಿಯಾಗಿ’ ಎಂಬ ಆಜ್ಞೆಯೂ ಬಿದ್ದರೆ ಮಗು ದಪ್ಪ ಗೇರಿನಲ್ಲೇ ಜೋರು ಮಾಡುತ್ತದೆ. ಆ ಜೋರನ್ನು ಬಿಡದೆ ಅದೇ ಗೇರಿನಲ್ಲಿ ಮೇಲಿನ ಸ್ವರಕ್ಕೂ ಹೋಗುತ್ತದೆ. ಕತ್ತಿನ ನರ ಉಬ್ಬುವುದು, ಗದ್ದ ಮುಂದಕ್ಕೆ ಚಾಚುವುದು, ಮುಖ ಕೆಂಪೇರುವುದು, ಇವು ಅಂಗಳದಲ್ಲೇ ಕಣ್ಣಿಗೆ ಕಾಣುವ ಗುರುತುಗಳು. ಅಂದರೆ ಬಹುಪಾಲು ಅರಚಾಟದ ಬೀಜ ಇರುವುದು ಮೇಲಿನ ಸ್ವರದಲ್ಲಲ್ಲ, ಕೆಳಗೆ ಶುರು ಮಾಡಿದ್ದರಲ್ಲಿ. ಬಹಳ ಶಾಲೆಗಳಲ್ಲಿ ಹಾಡು ‘ತುಂಬ ಮೇಲಾಯಿತು’ ಎಂದು ಇನ್ನೂ ಇಳಿಸುತ್ತಾರೆ. ಆಗ ಅರಚಾಟ ಇನ್ನೂ ಹೆಚ್ಚುತ್ತದೆ.

ದಿನವೂ ಹೀಗೆ ಆದರೆ, ಅದರ ಜತೆಗೆ ಆಟದ ಬಯಲಿನ ಕೂಗೂ ಸೇರಿದರೆ, ಮಡಿಕೆಗಳ ಮುಂಭಾಗದ ಮೂರನೇ ಒಂದು ಪಾಲು ಮುಗಿಯುವ ಜಾಗದಲ್ಲಿ, ಎರಡೂ ಕಡೆ ಎದುರುಬದುರು, ಸಣ್ಣ ಗಂಟು ಕಟ್ಟುತ್ತವೆ. ಬಡಿತ ಅತಿ ಜೋರಾಗಿ ಬೀಳುವುದು ಅಲ್ಲೇ. ಗುದ್ದಲಿ ಹಿಡಿದ ಅಂಗೈಯಲ್ಲಿ ಜಡ್ಡುಗಟ್ಟುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮಕ್ಕಳಲ್ಲಿ ಇದು ಹೆಣ್ಣಿಗಿಂತ ಗಂಡಿಗೆ ಹೆಚ್ಚು, ದೊಡ್ಡವರಲ್ಲಿ ಗಂಡಿಗಿಂತ ಹೆಣ್ಣಿಗೆ ಹೆಚ್ಚು. ನೆಗಡಿ ಇಲ್ಲದೆಯೇ ಎರಡು-ಮೂರು ವಾರ ದನಿ ಗೊಗ್ಗರಾಗಿಯೇ ಉಳಿದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು. ಮಕ್ಕಳ ಗಂಟಿಗೆ ಮೊದಲ ಮದ್ದು ಕತ್ತರಿಯಲ್ಲ, ದನಿ ಬಳಸುವ ರೀತಿ ತಿದ್ದುವ ಚಿಕಿತ್ಸೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ನಾಡಿನಲ್ಲೇ ಇದೆ. ಮಾತು ತೊದಲಿದರೆ, ಕಿವಿ ಕೇಳದಿದ್ದರೆ ಅಲ್ಲಿಗೆ ಹೋಗಬೇಕೆಂದು ಜನಕ್ಕೆ ಗೊತ್ತು. ದನಿ ಕೆಟ್ಟರೂ ಹೋಗಬೇಕೆಂಬುದು ಅಷ್ಟಾಗಿ ಗೊತ್ತಿಲ್ಲ.

ಸರಿಪಡಿಸುವುದು ಕಷ್ಟವೇ? ಖರ್ಚಂತೂ ಇಲ್ಲ. ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಉಚಿತ ತಂಬೂರಿ ಆ್ಯಪ್‌ನಲ್ಲಿ ‘ಡಿ’ ಒತ್ತಿ, ಹತ್ತು ಸೆಕೆಂಡು ನುಡಿಸಿ. ಶಾಲೆಯಲ್ಲಿ ಹಾರ್ಮೋನಿಯಂ ಇದ್ದರೆ ನಡು ಸ್ಥಾಯಿಯ ಬಿಳಿ 2. ಒಂದು ಎಚ್ಚರ: ಎರಡು ಸಾಲು ರೀಡಿನ (ಸದ್ದು ಹೊರಡಿಸುವ ಲೋಹದ ಪಟ್ಟಿಗಳ) ಪೆಟ್ಟಿಗೆಯಾದರೆ ಒಂದು ಸಾಲು ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ, ಆ ಸಾಲಿನ ಸ್ಟಾಪ್ ಮುಚ್ಚಿಡಿ. ಇಲ್ಲದಿದ್ದರೆ ಮಕ್ಕಳಿಗೆ ಯಾವುದನ್ನು ಹಿಡಿಯಬೇಕೆಂದೇ ತಿಳಿಯುವುದಿಲ್ಲ. ಮೊಬೈಲಿನ ಸದ್ದು ಮುನ್ನೂರು ಮಂದಿಗೆ ಕೇಳಿಸಬೇಕಾಗಿಲ್ಲ. ಎತ್ತಿಕೊಡುವವರಿಗೆ, ಮುಂದಿನ ಸಾಲಿಗೆ ಕೇಳಿಸಿದರೆ ಸಾಕು. ಅವರು ಬಾಯಿ ಮುಚ್ಚಿ ‘ಮ್’ ಎಂದು ಷಡ್ಜ ಹಿಡಿಯಲಿ, ಹಿಂದಿನ ಸಾಲುಗಳು ಸೇರಿಕೊಳ್ಳಲಿ. ಎರಡು ಉಸಿರು ಹೀಗೆ ನಿಂತು ಆಮೇಲೆ ಹಾಡು ಶುರುವಾಗಲಿ. ಈ ‘ಮ್’ಕಾರ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ, ಏಕೆಂದರೆ ಕೇಳಿದ ಸ್ವರ ಬೇರೆ, ಗಂಟಲಿಗೆ ಇಳಿದ ಸ್ವರ ಬೇರೆ.

ಎತ್ತಿಕೊಡುವುದು ಯಾರು ಎಂಬುದೂ ಮುಖ್ಯ. ಗಂಡಸರ ದನಿ ಒಂದು ಸ್ಥಾಯಿ ಕೆಳಗೆ. ಹತ್ತು ವರ್ಷದ ಮಗು ಅದನ್ನು ತನ್ನ ಸ್ಥಾಯಿಗೆ ತಾನೇ ಎತ್ತಿಕೊಳ್ಳುತ್ತದೆ. ಆರು ವರ್ಷದ್ದು ಆ ಆಳವನ್ನೇ ಅನುಕರಿಸಲು ಹೋಗಿ ಗೊರಗೊರ ಎನ್ನುತ್ತದೆ. ಹಾಗಾಗಿ ಸರ್ ಇರುವ ಕಡೆ ಐದು-ಆರನೇ ತರಗತಿಯ ಒಂದಿಬ್ಬರು ಮಕ್ಕಳಿಗೆ ಶ್ರುತಿ ಕೊಟ್ಟು ಅವರಿಂದಲೇ ಎತ್ತಿಸುವುದು ಮೇಲು. ಇಲ್ಲವೇ ಸಂಗೀತದವರು ‘ಕಳ್ಳ ಶಾರೀರ’ ಎಂದು ಮೂಗು ಮುರಿಯುವ ಆ ತೆಳು ದನಿಯಲ್ಲಿ ಸರ್ ಅವರೇ ಒಂದು ಸಾಲು ತೋರಿಸಬಹುದು. ಕಛೇರಿಗೆ ಅದು ಬೇಡದಿರಬಹುದು, ಒಂದನೇ ತರಗತಿಗೆ ಬೇಕು. ಮೇಡಂ ಆದರೆ ಅವರ ಐದೂವರೆ ಮನೆಯ ಅಭ್ಯಾಸ ಅಡ್ಡ ಬರುತ್ತದೆ. ಬಿಳಿ 2ರಲ್ಲಿ ತಾರ ಷಡ್ಜಕ್ಕೆ ಹೋದಾಗ ತಮ್ಮ ದನಿ ತೆಳ್ಳಗಾಗುವುದು ಅವರಿಗೆ ಇಷ್ಟವಾಗುವುದಿಲ್ಲ. ಇಲ್ಲೊಂದು ಸರಳ ದಾರಿ ಇದೆ: ಮೊದಲ ಸಾಲು ಹಾಡಿ ತೋರಿಸಿ, ಆಮೇಲೆ ಸುಮ್ಮನಿದ್ದುಬಿಡಿ. ಮಕ್ಕಳ ಜತೆಗೆ ಕೊನೆಯವರೆಗೂ ಹಾಡುವ ಶಿಕ್ಷಕರಿಗೆ ಮಕ್ಕಳು ಏನು ಹಾಡುತ್ತಿದ್ದಾರೆಂಬುದು ಕೇಳಿಸುವುದೇ ಇಲ್ಲ.

ಮೈದಾನದ ಇನ್ನೊಂದು ತೊಂದರೆ ಹಿಂದಿನ ಸಾಲು ಎಳೆಯುವುದು. ಅದು ಸೋಮಾರಿತನವಲ್ಲ, ಭೌತಶಾಸ್ತ್ರ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಎತ್ತಿಕೊಡುವವರಿಂದ 34 ಮೀಟರು ದೂರ ನಿಂತ ಮಗುವಿಗೆ ಸ್ವರ ಹತ್ತನೇ ಒಂದು ಸೆಕೆಂಡು ತಡವಾಗಿ ಕೇಳುತ್ತದೆ. ಅದು ಹಾಡಿದ್ದು ಮುಂದಕ್ಕೆ ಬರಲು ಮತ್ತೆ ಅಷ್ಟೇ ಹೊತ್ತು. ಮುಂದಿನವರು ಹಿಂದಿನವರಿಗಾಗಿ ಕಾಯುತ್ತಾರೆ, ಹಿಂದಿನವರು ಮುಂದಿನವರಿಗಾಗಿ. ಹೀಗೆ ಎರಡೂವರೆ ನಿಮಿಷದ ಹಾಡು ಮೂರಕ್ಕೆ ಹೋಗುತ್ತದೆ. ಉದ್ದ ಸಾಲುಗಳ ಬದಲು ಅರೆವೃತ್ತದಲ್ಲಿ ನಿಲ್ಲಿಸಿ, ಚಿಕ್ಕವರನ್ನು ಮುಂದೆ ತನ್ನಿ, ತಾಳವನ್ನು ಕೈಯಲ್ಲಿ ತಲೆಯ ಮಟ್ಟಕ್ಕೆ ಎತ್ತಿ ತೋರಿಸಿ. ಕಿವಿ ತಡಮಾಡಿದರೂ ಕಣ್ಣು ತಡಮಾಡುವುದಿಲ್ಲ. ಚಪ್ಪಾಳೆಯ ತಾಳ ಬೇಡ, ಅದೂ ಸದ್ದೇ ತಾನೆ.

ಮೈಕಿನ ವಿಷಯದಲ್ಲಿ ನಮ್ಮದು ಕಟು ಮಾತು. ಒಬ್ಬಳ ಬಾಯಿಗೆ ಮೈಕು ಹಿಡಿದು ಹಾರ್ನ್ ಸ್ಪೀಕರಿನಲ್ಲಿ ಬಿಟ್ಟರೆ ಉಳಿದ 299 ಮಕ್ಕಳು ಕೇಳುಗರಾಗುತ್ತಾರೆ. ಹಾಡಿದರೂ ತಮ್ಮ ದನಿ ತಮಗೆ ಕೇಳಿಸದೆ ಇನ್ನೂ ಜೋರು ಮಾಡುತ್ತಾರೆ. ಅದಕ್ಕಿಂತ ಕೆಟ್ಟದ್ದು ಪೆನ್‌ಡ್ರೈವಿನ ಟ್ರ್ಯಾಕ್. ಟ್ರ್ಯಾಕಿನ ಶ್ರುತಿ ಅದನ್ನು ಹಾಡಿದ ವೃತ್ತಿಪರ ಗಾಯಕರ ಕಂಠಕ್ಕೆ ಹೊಂದಿಸಿದ್ದು, ಒಂಬತ್ತು ವರ್ಷದ ಮಗುವಿಗಲ್ಲ. 2022ರ ಅಕ್ಟೋಬರ್ 28ರಂದು ನಡೆದ ‘ಕೋಟಿ ಕಂಠ ಗಾಯನ’ದಂಥ ದಿನ, ಎಲ್ಲ ವಯಸ್ಸಿನವರೂ ಒಟ್ಟಿಗೆ ಹಾಡುವಾಗ, ಒಂದು ಷಡ್ಜ ಎಲ್ಲರಿಗೂ ಒಗ್ಗುವುದಿಲ್ಲ ನಿಜ. ಅಂಥಲ್ಲಿ ಮಕ್ಕಳಿಗೆ ಒಗ್ಗುವುದನ್ನು ಆರಿಸಬೇಕು; ದೊಡ್ಡವರು ಒಂದು ಸ್ಥಾಯಿ ಕೆಳಗೆ ಹೋಗಬಲ್ಲರು, ಮಕ್ಕಳಿಗೆ ಆ ಅನುಕೂಲ ಇಲ್ಲ.

ಹಾಡುವ ಮುಂಚೆ ಎರಡು-ಮೂರು ನಿಮಿಷದ ತಯಾರಿ ಇದ್ದರೆ ಬಹಳ. ಭುಜ ಎತ್ತದೆ ಉಸಿರು ತೆಗೆದುಕೊಳ್ಳುವುದನ್ನು ಮೊದಲು ತೋರಿಸಬೇಕು: ಕೈ ಹೊಕ್ಕುಳಿನ ಮೇಲೆ ಇಟ್ಟುಕೊಂಡರೆ ಉಸಿರಿಗೆ ಕೈ ಮುಂದೆ ಬರಬೇಕು. ಆ ಉಸಿರನ್ನು ‘ಸ್‌ಸ್’ ಎಂದು ಹಾವಿನ ಹಾಗೆ ಒಂದೇ ಸಮನೆ ಬಿಡಿಸಿ. ಎಂಟು-ಒಂಬತ್ತರ ಮಗುವಿಗೆ 8ರಿಂದ 10 ಸೆಕೆಂಡು ಸಾಕು, ಸ್ಪರ್ಧೆ ಹಚ್ಚಬೇಡಿ. ಸ್ಪರ್ಧೆ ಹಚ್ಚಿದರೆ ಕೊನೆಯ ಉಸಿರನ್ನು ಹಿಂಡಿ ತೆಗೆಯುತ್ತಾರೆ, ಅದೇ ಅಭ್ಯಾಸ ಹಾಡಿಗೂ ಬರುತ್ತದೆ. ಆಮೇಲೆ ತುಟಿ ಅದುರಿಸುವ ‘ಬುರ್ರ್’. ಚಿಕ್ಕವರು ಬಸ್ಸಿನ ಆಟ ಆಡುವಾಗ ಮಾಡುವುದೇ ಇದು. ಘಾಟಿ ಹತ್ತುವ ಬಸ್ಸಿನ ಹಾಗೆ ದನಿಯನ್ನು ಮೇಲಕ್ಕೆ ಜಾರಿಸಿ, ಹಾಗೆಯೇ ಇಳಿಸಿ, ನಾಲ್ಕೈದು ಸಲ. ಬಾಯಿ ಅರ್ಧ ಮುಚ್ಚಿರುವಾಗ ಗಾಳಿಯ ಒತ್ತಡ ಹಿಂದಕ್ಕೆ ತಳ್ಳಿ ಧ್ವನಿಮಡಿಕೆಗಳಿಗೆ ಮೆತ್ತೆಯಾಗುತ್ತದೆ. ಏಟು ಕಡಿಮೆಯಾಗಿ, ಗೇರು ಬದಲಾಗುವುದೂ ಸಲೀಸಾಗುತ್ತದೆ. ಬುರ್ರ್ ಮಧ್ಯದಲ್ಲೇ ನಿಂತುಹೋದರೆ ಉಸಿರು ಸಾಲದು ಎಂದು ಅರ್ಥ. ಕೆನ್ನೆಯ ಎರಡು ಕಡೆ ಬೆರಳಿಟ್ಟು ಸ್ವಲ್ಪ ಮೇಲೆತ್ತಿದರೆ ಬರುತ್ತದೆ. ಹಿಂದೂಸ್ತಾನಿ ಅಭ್ಯಾಸದ ಖರಜ್ ಸಾಧನೆ, ಅದೇ ಮುಂಜಾನೆಯ ಮಂದ್ರ ಸಾಧನೆ, ಬೆಳೆದ ಕಂಠಕ್ಕೆ ಇರುವುದು. ಅದನ್ನು ಎಂಟು ವರ್ಷದವರಿಂದ ಮಾಡಿಸಬಾರದು ಎಂಬುದು ನಮ್ಮ ಅಭಿಪ್ರಾಯ. ಹರೆಯ ಬರುವವರೆಗೆ ಆ ಮಡಿಕೆಗಳ ಒಳಪದರ ಪೂರ್ತಿ ಬಲಿತಿರುವುದಿಲ್ಲ.

ಈಗ ‘ಬೇಸುರ’ ಮಕ್ಕಳ ವಿಷಯ. ‘ನಿನಗೆ ಸ್ವರ ಇಲ್ಲ, ಬಾಯಿ ಆಡಿಸು ಸಾಕು’ ಎಂಬ ಮಾತು ನಮ್ಮ ಶಾಲೆಗಳಲ್ಲಿ ಎಷ್ಟು ಸಲೀಸಾಗಿ ಬಂದುಬಿಡುತ್ತದೆ! ಸ್ವರದ ಏರಿಳಿತವನ್ನೇ ಗುರುತಿಸಲಾಗದ ಹುಟ್ಟುದೋಷ ಇರುವುದು ನೂರರಲ್ಲಿ ಒಬ್ಬಿಬ್ಬರಿಗೆ, ಎಷ್ಟೇ ಧಾರಾಳವಾಗಿ ಎಣಿಸಿದರೂ ನಾಲ್ವರಿಗೆ. ಉಳಿದ ಬೇಸುರವೆಲ್ಲ ಕಲಿಸದೇ ಇದ್ದದ್ದರ ಫಲ. ಹೆಚ್ಚಿನವರಿಗೆ ಕಿವಿ ಸರಿಯೇ ಇರುತ್ತದೆ. ಹಾಡುವ ದನಿ ಯಾವುದು, ಮಾತಿನ ದನಿ ಯಾವುದು ಎಂಬ ಭೇದ ಗೊತ್ತಿರುವುದಿಲ್ಲ. ಅವರು ಹಾಡನ್ನು ಮಾತಿನ ಮಟ್ಟದಲ್ಲೇ ಒಪ್ಪಿಸುತ್ತಾರೆ. ಇಂಥ ಮಗುವಿಗೆ ನಿಮ್ಮ ಸ್ವರ ಹಿಡಿಯಲು ಹೇಳಬೇಡಿ, ಮೊದಲು ನೀವೇ ಅದರ ಸ್ವರ ಹಿಡಿಯಿರಿ. ಅದು ‘ಆ’ ಎಂದ ಜಾಗದಲ್ಲೇ ನೀವೂ ‘ಆ’ ಎನ್ನಿ. ಎರಡು ದನಿ ಒಂದಾದಾಗ ಒಳಗೆ ಹೇಗಿರುತ್ತದೆ ಎಂಬ ಅನುಭವ ಅದಕ್ಕೆ ಮೊದಲ ಸಲ ಸಿಗುವುದು ಆಗಲೇ. ಅಲ್ಲಿಂದ ಅರ್ಧ ಮನೆ ಮೇಲೆ, ಮತ್ತೆ ಅರ್ಧ ಮನೆ. ಆಂಬುಲೆನ್ಸ್ ಸೈರನ್ನಿನ ಹಾಗೆ ‘ಊ’ ಎಂದು ಜಾರಿಸಿ ಬಿಳಿ 2ಕ್ಕೆ ತಲುಪಿಸಿ. ದಿನಕ್ಕೆ ಐದು ನಿಮಿಷದಂತೆ ಕೆಲವು ವಾರ ಹಿಡಿಯುತ್ತದೆ. ಎಲ್ಲರ ಮುಂದೆ ಮಾಡಿಸಬೇಡಿ.

ಗಂಡುಮಕ್ಕಳ ಸ್ವರ ಒಡೆಯುವುದು ಸಾಮಾನ್ಯವಾಗಿ 12ರಿಂದ 15ರ ನಡುವೆ. ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಇಳಿಯುತ್ತದೆ. ಹೆಣ್ಣುಮಕ್ಕಳದ್ದೂ ಇಳಿಯುತ್ತದೆ, ಒಂದು-ಒಂದೂವರೆ ಮನೆಯಷ್ಟು, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ಆ ತಿಂಗಳುಗಳಲ್ಲಿ ಹುಡುಗನ ಕೈಯಲ್ಲಿ ಐದಾರು ಸ್ವರ ಉಳಿದರೆ ಹೆಚ್ಚು. ಅವೂ ವಾರದಿಂದ ವಾರಕ್ಕೆ ಜಾಗ ಬದಲಿಸುತ್ತವೆ. ಎಂಟನೇ ತರಗತಿಯ ಹುಡುಗರು ಹಿಂದೆ ನಿಂತು ಕಿಸಿಕಿಸಿ ನಗುವುದು ತುಂಟತನಕ್ಕಿಂತ ಹೆಚ್ಚಾಗಿ ಭಯ, ಯಾವ ಅಕ್ಷರದಲ್ಲಿ ದನಿ ಕೈಕೊಡುತ್ತದೋ ಎಂದು. ಅವರನ್ನು ಬಿಡಿಸಬಾರದು, ಬೇರೆ ಕೆಲಸ ಕೊಡಬೇಕು. ಷಡ್ಜ ಬಿಳಿ 2 ಇದ್ದಾಗ ಅವರಿಗೆ ಸಾಮಾನ್ಯವಾಗಿ ಸಿಗುವುದು ಮಂದ್ರ ಪಂಚಮ, 220 ಹರ್ಟ್ಸ್, ಮತ್ತು ಷಡ್ಜ, 294. ಆ ಎರಡನ್ನು ತಂಬೂರಿಯಂತೆ ‘ಪಾ… ಸಾ…’ ಎಂದು ಹಿಡಿದು ನಿಲ್ಲುವ ಗುಂಪು ಮಾಡಿ. ಮಿಕ್ಕವರ ಹಾಡಿಗೆ ಅದೇ ಶ್ರುತಿಪೆಟ್ಟಿಗೆ. ಸ್ವರ ಕೂತ ಮೇಲೆ ಅವರು ಅದೇ ಹಾಡನ್ನು ಒಂದು ಸ್ಥಾಯಿ ಕೆಳಗೆ ಸಲೀಸಾಗಿ ಹಾಡುತ್ತಾರೆ. ಆ ವರ್ಷ ಸುಮ್ಮನಿರಿಸಿದವನು ಮತ್ತೆ ಬಾಯಿ ತೆರೆಯುವುದು ಅಪರೂಪ.

ದಪ್ಪ ದನಿಯ ಹುಡುಗಿಯರಿಗೂ ಇದೇ ಅನ್ಯಾಯ. ಹೆಣ್ಣು ದನಿ ಎಂದರೆ ತೆಳ್ಳಗೆ ಇರಬೇಕು ಎಂಬ ಕಲ್ಪನೆ ಸಿನಿಮಾ ಹಾಡಿನಿಂದ ಬಂದದ್ದು. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಚಿಕಿತ್ಸೆಯ ನಂತರ ಗಂಡಸಿನ ದನಿಯಷ್ಟು ಗಡಸಾಯಿತು. ಅವರ ಗಾಯನ ಪರಂಪರೆಯಾದ ಕಿರಾನಾ ಘರಾಣೆ ಅದೇ ದನಿಯಲ್ಲಿ ಹುಬ್ಬಳ್ಳಿಯಿಂದ ದೇಶವೆಲ್ಲ ಕೇಳಿಸಿತು.

ಒಟ್ಟಿಗೆ ಹಾಡುವುದರಿಂದ ಜನ ಹತ್ತಿರವಾಗುತ್ತಾರೆ ಎಂದು ಭಾಷಣಗಳಲ್ಲಿ ಹೇಳುವುದುಂಟು. ಅದು ಹೇಗೆ ಎಂಬುದಕ್ಕೂ ಉತ್ತರ ಇದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿಹರೆಯದವರು ಒಟ್ಟಿಗೆ ಹಾಡುವಾಗ ಅವರ ಎದೆಬಡಿತದ ಏರಿಳಿತ ಒಂದಕ್ಕೊಂದು ಹೊಂದಿಕೊಂಡದ್ದು ಕಂಡಿತು. ಕಾರಣ ಸರಳ: ಉಸಿರು ಒಳಗೆ ಹೋಗುವಾಗ ಎದೆಬಡಿತ ಸ್ವಲ್ಪ ಏರುತ್ತದೆ, ಹೊರಗೆ ಬರುವಾಗ ಇಳಿಯುತ್ತದೆ. ಒಂದೇ ಸಾಲನ್ನು ಒಂದೇ ಉಸಿರಿನಲ್ಲಿ ಹಾಡುವವರೆಲ್ಲ ಒಟ್ಟಿಗೆ ಉಸಿರಾಡಲೇಬೇಕು. ಆಕ್ಸ್‌ಫರ್ಡಿನವರು 2015ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಹಾಡಿನ ತರಗತಿ, ಕರಕುಶಲ ತರಗತಿ, ಬರವಣಿಗೆಯ ತರಗತಿಗಳಿಗೆ ಹೊಸದಾಗಿ ಸೇರಿದವರನ್ನು ಏಳು ತಿಂಗಳು ಗಮನಿಸಿದರು. ಕೊನೆಗೆ ಮೂರೂ ಗುಂಪಿನವರು ಒಂದೇ ಮಟ್ಟಕ್ಕೆ ಬಂದರೂ ಹಾಡಿನವರು ಮಿಕ್ಕವರಿಗಿಂತ ಬೇಗ ಒಬ್ಬರಿಗೊಬ್ಬರು ಹತ್ತಿರವಾಗಿದ್ದರು. ಈ ಲಾಭ ಬಾಯಿ ತೆರೆದು ಹಾಡಿದವರಿಗೆ. ಬಾಯಿ ಆಡಿಸಿದವರಿಗೆ ಇಲ್ಲ, ಟ್ರ್ಯಾಕಿಗೆ ಎದ್ದು ನಿಂತವರಿಗೂ ಇಲ್ಲ. ಹಾಡಿನಲ್ಲಿ ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಮಕ್ಕಳಿಗೆ ಗುರುತು ಹಾಕಿಕೊಡಬೇಕು ಎಂದು ನಾವು ಪಟ್ಟು ಹಿಡಿಯುವುದು ಇದಕ್ಕೇ. ಗುರುತಿಲ್ಲದಿದ್ದರೆ ಪದದ ನಡುವೆ ಉಸಿರು ಕತ್ತರಿಸುತ್ತದೆ, ಹಾಡು ಓಟ ಕೀಳುತ್ತದೆ.

ನಮ್ಮ ಹೆಂಗಸರು ಸೋಬಾನೆ ಹೇಳುವುದನ್ನು ಒಮ್ಮೆ ಗಮನಿಸಿ. ಒಬ್ಬಿಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ತಿರುಗಿ ಹೇಳುತ್ತಾರೆ. ಆ ಹೊತ್ತಿನಲ್ಲಿ ಎತ್ತಿದವರಿಗೆ ಉಸಿರು ಸಿಗುತ್ತದೆ, ಅವರು ಎತ್ತುವಾಗ ಇವರಿಗೆ. ಗಂಟೆಗಟ್ಟಲೆ ಹಾಡಿದರೂ ಗಂಟಲು ಕಟ್ಟದಿರುವ ಗುಟ್ಟು ಅದು. ಶುರುವಿನ ದನಿ ಹೆಚ್ಚಾಗಿ ಎರಡನೇ ಸೊಲ್ಲಿಗೇ ಎಟುಕದೇ ಹೋದರೆ ನಕ್ಕು ನಿಲ್ಲಿಸಿ, ತಗ್ಗಿಸಿ, ಮತ್ತೆ ಎತ್ತಿಕೊಳ್ಳುತ್ತಾರೆ. ಅವಮಾನ ಏನಿಲ್ಲ. ಶಾಲೆಯ ಅಂಗಳದಲ್ಲಿ, ಅದರಲ್ಲೂ ನಾಡಗೀತೆ, ರಾಷ್ಟ್ರಗೀತೆಯ ಹೊತ್ತಿನಲ್ಲಿ, ನಿಲ್ಲಿಸಿ ಮತ್ತೆ ಶುರು ಮಾಡುವ ಹಾಗಿಲ್ಲ. ಅದಕ್ಕೇ ಶ್ರುತಿ ಮೊದಲೇ ಗೊತ್ತಾಗಿರಬೇಕು.

ಶಿಕ್ಷಕರ ಗಂಟಲಿನ ಬಗ್ಗೆಯೂ ಒಂದೆರಡು ಮಾತು. ದಿನಕ್ಕೆ ಐದಾರು ಪಿರಿಯಡ್ ಕೂಗಿ ಪಾಠ ಮಾಡುವವರ ಪಾಡು ಹಾಡುಗಾರರಿಗಿಂತ ಕಷ್ಟ. ಕಲ್ಲುಸಕ್ಕರೆ, ಕಾಳುಮೆಣಸು, ಜೇಷ್ಠಮಧು ಬಾಯಿಗೆ ಹಿತ. ಆದರೆ ನುಂಗಿದ್ದು ಯಾವುದೂ ಧ್ವನಿಮಡಿಕೆಗೆ ತಾಗುವುದಿಲ್ಲ. ನುಂಗುವಾಗ ಉಸಿರಿನ ದಾರಿ ಮುಚ್ಚಿಕೊಂಡು ಅದೆಲ್ಲ ಹಿಂದಿನ ಅನ್ನನಾಳಕ್ಕೆ ಹೋಗುತ್ತದೆ. ತಾಗಿದ್ದರೆ ಕೆಮ್ಮು ಬರುತ್ತಿತ್ತು. ಅಲ್ಲಿಗೆ ನೇರವಾಗಿ ತಲುಪುವುದು ಉಸಿರಾಡುವ ಹಬೆ ಮಾತ್ರ. ನೀರು ಕುಡಿಯುವುದರ ಪ್ರಯೋಜನ ಮೈಯ ಮೂಲಕ, ನಿಧಾನವಾಗಿ. ಹಾಡುವ ಗಳಿಗೆಯಲ್ಲಿ ಗುಟುಕರಿಸಿದ್ದಲ್ಲ. ಸಂಜೆ ದನಿ ಸೋತಾಗ ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಇಳಿಸಿ, ತುದಿ ಎರಡು-ಮೂರು ಸೆಂಟಿಮೀಟರು ಮುಳುಗಿರಲಿ, ಗುಳ್ಳೆ ಬರುವಂತೆ ‘ಊ’ ಎಂದು ಮೆಲ್ಲಗೆ ಐದು ನಿಮಿಷ ಏರಿಸಿ ಇಳಿಸಿ. ಎಳನೀರಿನ ಸ್ಟ್ರಾ ಆದರೂ ಆದೀತು. ಗಂಟಲು ಕಟ್ಟಿದಾಗ ಪಿಸುಗುಟ್ಟುವುದು, ಪದೇ ಪದೇ ಕ್ಯಾಕರಿಸುವುದು ಬೇಡ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ನಾಡಗೀತೆಯ ಧಾಟಿಯ ಅತಿ ಕೆಳಗಿನ ಸ್ವರ, ಅತಿ ಮೇಲಿನ ಸ್ವರ ಎರಡನ್ನು ಗುರುತಿಸಿ, ಮಕ್ಕಳ ಕಂಠಕ್ಕೆ ಹೊಂದುವ ಷಡ್ಜವನ್ನು ಹಾರ್ಮೋನಿಯಂ ಮನೆಯ ಲೆಕ್ಕದಲ್ಲೂ ಹರ್ಟ್ಸ್ ಲೆಕ್ಕದಲ್ಲೂ ಬರೆದು, ಇರುವ ಆದೇಶಕ್ಕೆ ಒಂದು ಸಾಲು ಸೇರಿಸಬೇಕು. ಪಠ್ಯಪುಸ್ತಕದಲ್ಲಿ ಗೀತೆ ಅಚ್ಚಾಗುವ ಪುಟದಲ್ಲಿ ಅದೇ ಸಾಲು ಬರಲಿ, ಉಸಿರಿನ ಜಾಗಕ್ಕೆ ಸಣ್ಣ ಗೆರೆಯೂ ಇರಲಿ. ಸಂಗೀತ ಶಿಕ್ಷಕರೇ ಇಲ್ಲದ ಪ್ರಾಥಮಿಕ ಶಾಲೆಗಳೇ ಹೆಚ್ಚಿರುವುದರಿಂದ, ಶಿಕ್ಷಕರ ತರಬೇತಿಯಲ್ಲಿ ಒಂದು ಗಂಟೆ ಇದಕ್ಕೆ ಮೀಸಲಾಗಲಿ: ಆ್ಯಪ್ ತೆರೆಯುವುದು, ‘ಮ್’ ಹಿಡಿಸುವುದು, ಕೈತಾಳ ತೋರಿಸುವುದು, ಸ್ವರ ಒಡೆದ ಹುಡುಗರನ್ನು ಎಲ್ಲಿ ನಿಲ್ಲಿಸುವುದು. ನವೆಂಬರ್ 1ಕ್ಕೆ ಮೊದಲು ಸುತ್ತೋಲೆ ಹೊರಟರೆ ಈ ಸಲದ ರಾಜ್ಯೋತ್ಸವಕ್ಕೇ ಜಾರಿಗೆ ಬರಬಹುದು. ಅಲ್ಲಿಯವರೆಗೆ ಮುಖ್ಯಶಿಕ್ಷಕರು ಕಾಯಬೇಕಾಗಿಲ್ಲ. ರಾಷ್ಟ್ರಗೀತೆಗೆ ಬಿಳಿ 2 ನಾಳೆ ಬೆಳಿಗ್ಗೆಯೇ ಇಟ್ಟು ನೋಡಲಿ. ‘ವಿಧಾತಾ’ ಎನ್ನುವಲ್ಲಿ ಹಿಂದಿನ ಸಾಲಿನ ದನಿ ಕೇಳುತ್ತದೆಯೇ ಎಂದು ಕಿವಿಗೊಡಲಿ.

ಇಂತಿ,
ಕೆಲವು ಶಾಲಾ ಸಂಗೀತ ಶಿಕ್ಷಕರು ಮತ್ತು ವಾಕ್ ಚಿಕಿತ್ಸಕರು
ಮೈಸೂರು, ಧಾರವಾಡ